ನನ್ನ ಹೆಂಡತಿಯ ಹೆಸರಿನ ದೇಶ

ಕೆಲವರ ಹೆಂಡತಿಯ ಹೆಸರಿನಲ್ಲಿ ಊರಿನಲ್ಲೊಂದು ಮನೆ ಇರುತ್ತದೆ, ಕೆಲವರದ್ದರಲ್ಲಿ ರಿಕ್ಷಾ ಅಥವಾ ಬೋಟು. ನನ್ನ ಹೆಂಡತಿಯ ಹೆಸರಿನಲ್ಲಿ ಒಂದು ದೇಶವೇ ಇದೆ. ಹೀಗೆ ಹೇಳುವಾಗ ನನ್ನ ಎದೆ ಸ್ವಲ್ಪ ಉಬ್ಬುತ್ತದೆ. ಉಬ್ಬಲಿ ಬಿಡಿ. ಬಹ್ರೇನಿನ ಮನಾಮಾದಲ್ಲಿ ಬಣ್ಣದ ಡಬ್ಬಗಳ ಗೋದಾಮು ನೋಡಿಕೊಳ್ಳುವ ನನ್ನಂಥ ಸ್ಟೋರ್‌ಕೀಪರನ ಎದೆ ಬೇರೆ ಯಾವ ಕಾರಣಕ್ಕೆ ಉಬ್ಬಬೇಕು?

ಅವಳು ಲೂಸಿ. ಈ ವರ್ಷ ಈಸ್ಟರ್ ಹಬ್ಬಕ್ಕೆ ಮೊದಲೇ ತೀರಿಕೊಂಡಳು. ದೇಶ ಇದೆ, ಅವಳಿಲ್ಲ.

ಆ ದೇಶ ನಮ್ಮ ಮನೆಗೆ ಬಂದದ್ದು ಸಲ್ಮಾನಿಯಾ ಆಸ್ಪತ್ರೆಯ ಬಸ್ಸಿನಲ್ಲಿ. ಲೂಸಿ ಅಲ್ಲಿ ಕಣ್ಣಿನ ವಾರ್ಡಿನಲ್ಲಿ ನರ್ಸ್ ಆಗಿದ್ದಳು. ಒಂದು ದಿನ ಯಾವುದೋ ಹಡಗಿನ ಅಡುಗೆಯವನೊಬ್ಬ ಕೆಂಪಾದ ಕಣ್ಣು ತೋರಿಸಲು ಬಂದನಂತೆ. ಎತ್ತರದ ಕಪ್ಪು ಮನುಷ್ಯ. ಔಷಧಿಯ ಹನಿ ಹಾಕಿಸಿಕೊಂಡು, ಕಣ್ಣು ಪಿಳಿಪಿಳಿ ಬಿಟ್ಟು, ಅವಳ ಎದೆಯ ಮೇಲಿನ ಪಟ್ಟಿಯಲ್ಲಿ ಲೂಸಿಯಾ ಎಂಬ ಪೂರ್ತಿ ಹೆಸರು ಓದಿದ. ಓದಿದವನೇ ಕುರ್ಚಿಯಿಂದ ಎದ್ದು ನೆಟ್ಟಗೆ ನಿಂತುಬಿಟ್ಟ. "ಸಿಸ್ಟರ್, ಇದು ನನ್ನ ದೇಶದ ಹೆಸರು," ಎಂದ. ಅವನು ಕೆರಿಬಿಯನ್ ಸಮುದ್ರದ ಸೇಂಟ್ ಲೂಸಿಯಾ ದ್ವೀಪದವನು.

ಆ ಸಂಜೆ ಲೂಸಿ ಮನೆಗೆ ಬಂದದ್ದೇ ಬೇರೆ ಠೀವಿಯಲ್ಲಿ. ಚಪ್ಪಲಿ ಬಿಡುವ ಮೊದಲೇ ಅಪ್ಪಣೆ ಬಂತು: "ಹೋಯ್, ಇವತ್ತಿನಿಂದ ನನ್ನ ಹತ್ರ ಸ್ವಲ್ಪ ಮರ್ಯಾದೆಯಲ್ಲಿ ಮಾತಾಡಿ ಮಾರಾಯ್ರೆ. ನಾನೀಗ ಒಂದು ದೇಶ."

"ದೇಶಕ್ಕೆ ಚಾ ಬೇಕಾ?" ಎಂದೆ.

"ಬೇಕು. ಸಕ್ಕರೆ ಕಡಿಮೆ."

ಮೇಲಿನ ಮಹಡಿಯ ಜೊಹರಾ ಉಳ್ಳಾಲದವಳು, ಬ್ಯಾರಿ ಮನೆತನದವಳು. ಅವಳ ಗಂಡನಿಗೆ ಹಳೆಯ ಪೇಟೆ ಸೂಕ್‌ನಲ್ಲಿ ಬಟ್ಟೆಯಂಗಡಿ. ಕ್ರೈಸ್ತನಾದ ನನ್ನನ್ನು ಊರಿನ ರೂಢಿಯಂತೆ 'ಪೊರ್ಬುಗಳೇ' ಎಂದೇ ಕರೆಯುವವಳು. ಸುದ್ದಿ ಕೇಳಿದ ಕೂಡಲೇ ಅವಳು ಕೆಳಗಿಳಿದು ಬಂದಳು: "ಲೂಸಿಬಾಯಿ, ಹಾಗಾದ್ರೆ ನಿಮ್ಮ ದೇಶಕ್ಕೆ ನನ್ನ ತಮ್ಮನಿಗೊಂದು ವೀಸಾ ಕೊಡಿ. ಇಲ್ಲಿ ಸಿಗ್ತಾ ಇಲ್ಲ." ಲೂಸಿ ಕನ್ನಡಕದ ಮೇಲಿನಿಂದ ನೋಡಿ, "ಅರ್ಜಿ ಹಾಕ್ಲಿಕ್ಕೆ ಹೇಳಿ, ನೋಡುವ," ಎಂದಳು. ಗಲ್ಫಿನಲ್ಲಿ ಅಧಿಕಾರ ಹೇಗಿರುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ನಾನು ಹೆಚ್ಚು ಓದಿದವನಲ್ಲ. ನನ್ನೂರು ಶಿರ್ವದ ಕನ್ನಡ ಶಾಲೆಯಲ್ಲಿ ಭೂಗೋಳದ ಪಾಠ ಬಂದಾಗ ಕಿಟಕಿಯ ಹೊರಗಿನ ಭೂಗೋಳವನ್ನೇ ನೋಡುತ್ತಿದ್ದವನು. ಆದರೆ ಹೆಂಡತಿಯೇ ದೇಶವಾದ ಮೇಲೆ ಓದದೆ ಉಪಾಯವಿಲ್ಲ. ಮೊದಲು ಗೋದಾಮಿನ ಗೋಡೆಯ ಭೂಪಟದಲ್ಲಿ ಹುಡುಕಿದೆ. ಆ ದೇಶದೊಳಗೆ ಅದರ ಹೆಸರು ಬರೆಯುವಷ್ಟು ಜಾಗವಿಲ್ಲ. ಹೆಸರನ್ನು ಸಮುದ್ರದ ಮೇಲೆ ಬರೆದಿದ್ದಾರೆ. ನಮ್ಮ ಬಹ್ರೇನಿನದೂ ಅದೇ ಕಥೆ. ನೆಲಕ್ಕಿಂತ ಹೆಸರು ದೊಡ್ಡದಾದ ದೇಶಗಳಿವು. ಇದನ್ನು ನಾನು ಕೊರತೆ ಎಂದುಕೊಂಡೆ. ಲೂಸಿ ಒಪ್ಪಲಿಲ್ಲ. "ದೊಡ್ಡ ದೇಶದವರು ಹೆಸರನ್ನು ಮನೆಯೊಳಗೇ ಇಟ್ಟುಕೊಳ್ತಾರೆ. ನಮ್ಮದು ಸಮುದ್ರದವರೆಗೂ ಹೋಗ್ತದೆ," ಎಂದಳು.

ಅಲ್ಲಿ ಸಮುದ್ರದ ಅಂಚಿನಿಂದಲೇ ಎದ್ದುನಿಂತ ಎರಡು ಬೆಟ್ಟಗಳಿವೆ, ದೊಡ್ಡ ಪಿಟೋನ್ ಮತ್ತು ಚಿಕ್ಕ ಪಿಟೋನ್. ಬಾವುಟದ ಮೇಲಿನ ತ್ರಿಕೋನ ಅವುಗಳದ್ದೇ. ಹತ್ತಿರದಲ್ಲಿ ನೆಲ ಕುದಿಯುತ್ತದೆ, ಗಂಧಕದ ಹೊಗೆ ಏಳುತ್ತದೆ. ಇದನ್ನು ಓದಿ ಲೂಸಿಗೆ ತನಗೂ ಒಂದು ಬೆಟ್ಟ ಬೇಕೆನಿಸಿತು. ಒಂದು ಶುಕ್ರವಾರ ಜಬಲ್ ದುಖಾನಿಗೆ ಹೋದೆವು. ಬಹ್ರೇನಿನ ಅತಿ ಎತ್ತರದ ಬೆಟ್ಟ ಅದು. ಹೆಸರಿನ ಅರ್ಥ ಹೊಗೆಯ ಬೆಟ್ಟ. ಹೊಗೆಯಿಲ್ಲ, ಬೇಸಿಗೆಯ ಮಬ್ಬು ಮಾತ್ರ. ಹತ್ತಿ ಮುಗಿಯಿತೆಂದು ತಿಳಿಯದೆ ನಾನು "ಬೆಟ್ಟ ಎಲ್ಲಿ?" ಎಂದು ಕೇಳಿದೆ. "ನಿಂತಿದ್ದೀರಲ್ಲ, ಅದೇ," ಎಂದು ಲೂಸಿ ಚಪಾತಿಯ ಡಬ್ಬಿ ಬಿಚ್ಚಿದಳು.

ಚರಿತ್ರೆಯಂತೂ ಅವಳಿಗೆ ಬಲು ಪ್ರಿಯ. ಆ ದ್ವೀಪಕ್ಕಾಗಿ ಫ್ರೆಂಚರೂ ಇಂಗ್ಲಿಷರೂ ಎಷ್ಟು ಹೊಡೆದಾಡಿದರೆಂದರೆ ಅದು ಹದಿನಾಲ್ಕು ಸಲ ಕೈ ಬದಲಾಯಿಸಿತಂತೆ. "ನೋಡಿ, ಲೂಸಿಗಾಗಿ ಎರಡೆರಡು ರಾಜರು ಯುದ್ಧ ಮಾಡಿದ್ದಾರೆ. ನೀವು ಒಂದು ಸಲ ಹೆಣ್ಣು ನೋಡ್ಲಿಕ್ಕೆ ಬಂದಿರಿ, ಕೇಕ್ ತಿಂದಿರಿ, ಒಪ್ಪಿಗೆ ಅಂದಿರಿ, ಆಯ್ತು!" ಆದರೆ ಅದೇ ಪುಟದ ಕೆಳಗೆ, ಕಬ್ಬಿನ ಗದ್ದೆಗಳಿಗೆ ಆಫ್ರಿಕಾದಿಂದ ಸಂಕೋಲೆ ಹಾಕಿ ತಂದವರ ಕಥೆಯಿತ್ತು, ಆಮೇಲೆ ನಮ್ಮ ದೇಶದಿಂದಲೂ ಕರಾರಿನ ಕೂಲಿಗೆ ಹಡಗು ಹತ್ತಿದವರ ಕಥೆ. ಅದನ್ನು ಓದಿದಾಗ ಅವಳು ತಮಾಷೆ ಮಾಡಲಿಲ್ಲ. ಕಡಲು ದಾಟಿ ದುಡಿಯುವವರ ವಿಷಯದಲ್ಲಿ ಅವಳು ಯಾವತ್ತೂ ತಮಾಷೆ ಮಾಡಿದವಳಲ್ಲ. ಯುದ್ಧ ಮಾಡಿದವರು ಹೋದರು, ಸಂಕೋಲೆ ಕಳಚಿದವರ ಮಕ್ಕಳು ಆ ದೇಶ ಕಟ್ಟಿದರು ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು, ತನ್ನ ತವರಿನ ಮಾತೆಂಬಂತೆ.

ಅಲ್ಲಿಯವರೂ ನಮ್ಮ ಹಾಗೆಯೇ. ಕಚೇರಿಗೆ ಇಂಗ್ಲಿಷ್, ಮನೆಗೆ ಕ್ರಿಯೋಲ್. ನಾವು ಮನೆಯಲ್ಲಿ ಕೊಂಕಣಿ, ಜೊಹರಾಳ ಹತ್ತಿರ ಕನ್ನಡ, ಜಗಳಕ್ಕೆ ತುಳು. ಅಲ್ಲಿ ಗುಲಾಬಿ ಹೂವಿನ ಹೆಸರಿನಲ್ಲೊಂದು ಸಂಘ, ಮಾರ್ಗರೀತ್ ಎಂಬ ಹೂವಿನ ಹೆಸರಿನಲ್ಲೊಂದು ಸಂಘ. ನಮ್ಮ ಹೂವೇ ಮೇಲೆಂದು ಪದ ಹಾಡಿ ಪೈಪೋಟಿ ನಡೆಸುತ್ತಾರೆ. ಮೆರವಣಿಗೆಯಲ್ಲಿ ವೇಷ ಹಾಕಿದ ರಾಜ, ರಾಣಿ, ಪೊಲೀಸ್, ಜೊತೆಗೆ ನರ್ಸ್! ಇದನ್ನು ಅವಳು ಆಸ್ಪತ್ರೆಯಲ್ಲಿ ಯಾರಿಗೂ ಹೇಳದೆ ಬಿಡಲಿಲ್ಲ. ಊಟವೂ ನಮ್ಮದೇ: ಬಾಳೆಕಾಯಿ ಮತ್ತು ಉಪ್ಪು ಹಾಕಿದ ಮೀನು. ರಾಷ್ಟ್ರೀಯ ಖಾದ್ಯವಂತೆ. ನಮ್ಮಲ್ಲಿ ಮಳೆಗಾಲಕ್ಕೆ ಬೇರೆ ಮೀನು ಸಿಗದಾಗ ಮಾಡುವ ಪಲ್ಯಕ್ಕೆ ಅಲ್ಲಿ ಇಷ್ಟು ದೊಡ್ಡ ಪದವಿ.

ಡಿಸೆಂಬರ್ ಹದಿಮೂರು ಸಂತ ಲೂಸಿಯಾಳ ಹಬ್ಬ. ಅದೇ ಆ ದೇಶದ ರಾಷ್ಟ್ರೀಯ ದಿನ. ಅಲ್ಲಿ ಆಗ ಗೂಡುದೀಪಗಳನ್ನು ಹಚ್ಚುತ್ತಾರೆ. ಬಹ್ರೇನಿನ ರಾಷ್ಟ್ರೀಯ ದಿನ ಬರುವುದು ಅದರ ಬೆನ್ನಿಗೇ. ಹಾಗಾಗಿ ಆ ವಾರ ಮನಾಮಾದ ಬೀದಿಬೀದಿಯಲ್ಲೂ ಕೆಂಪು ಬಿಳಿ ದೀಪ. "ನನ್ನ ಹಬ್ಬಕ್ಕೆ ಇಷ್ಟೆಲ್ಲ ದೀಪ ಬೇಡ ಅಂದ್ರೂ ಸರ್ಕಾರ ಕೇಳುವುದಿಲ್ಲ," ಎಂದು ಲೂಸಿ ಕಿಟಕಿಯ ಪರದೆ ಸರಿಸುತ್ತಿದ್ದಳು. ಆಮೇಲೆ ಬಾಳೆಕಾಯಿಗೆ ಒಣಮೀನು ಹಾಕಿ ರಾಷ್ಟ್ರೀಯ ಭೋಜನ. ಪ್ರತಿ ವರ್ಷವೂ.

ಈ ವರ್ಷ ಅದು ಹೇಗೆ? ನಮ್ಮಲ್ಲಿ ಸಾವಾದ ಮನೆಯಲ್ಲಿ ವರ್ಷ ಕಳೆಯುವವರೆಗೆ ಹಬ್ಬ ಮಾಡುವುದಿಲ್ಲ. ಕ್ರಿಸ್ಮಸ್ಸಿನ ಸಿಹಿತಿಂಡಿ ಕುಸ್ವಾರ್ ಕೂಡ ಮಾಡುವುದಿಲ್ಲ. ಶಿರ್ವದಿಂದ ನನ್ನ ಅಕ್ಕ ಸೆವ್ರಿನ್ ನವೆಂಬರಿನಲ್ಲೇ ಫೋನು ಮಾಡಿ ನೆನಪಿಸಿದ್ದಳು: "ಈ ವರ್ಷ ಫೆಸ್ತ್ ಗಿಸ್ತ್ ಎಂತದೂ ಇಲ್ಲ, ಗೊತ್ತುಂಟಲ್ಲ?" ಗೊತ್ತುಂಟು. ಅಕ್ಕನ ಮಾತು ಮೀರಿದವನಲ್ಲ ನಾನು. ಆದರೆ ಅವಳಿಲ್ಲದ ಮೊದಲ ಹದಿಮೂರನೇ ತಾರೀಕು ಸುಮ್ಮನೆ ದಾಟಿಹೋದರೆ, ಮುಂದಿನ ವರ್ಷವೂ ಸುಮ್ಮನೆ ದಾಟೀತು, ಆಮೇಲೆ ಅದು ಬರೇ ಒಂದು ತಾರೀಕಾದೀತು ಎಂಬ ಹೆದರಿಕೆ ಒಳಗೇ ಕುಳಿತಿತ್ತು.

ಆ ದಿನ ಗೋದಾಮಿನಿಂದ ಬರುವಾಗ ಬೀದಿಯ ದೀಪಗಳೆಲ್ಲ ಹತ್ತಿದ್ದವು. ಕಾಲು ತಾನಾಗಿ ತರಕಾರಿ ಅಂಗಡಿಗೆ ಹೋಯಿತು. ಮೆಟ್ಟಿಲಲ್ಲಿ ಸಿಕ್ಕಿದ ಜೊಹರಾ ನನ್ನ ಚೀಲದೊಳಗಿನ ಬಾಳೆಕಾಯಿ ನೋಡಿದಳು, ನನ್ನ ಮುಖ ನೋಡಿದಳು. "ಒಣಮೀನು ನನ್ನ ಹತ್ರ ಉಂಟು ಪೊರ್ಬುಗಳೇ, ತರ್ತೇನೆ," ಎಂದಳು.

ಪಲ್ಯ ಒಲೆಯ ಮೇಲಿರುವಾಗಲೇ ಅಕ್ಕನ ವಿಡಿಯೊ ಕಾಲ್ ಬಂತು. ಕಿಟಕಿಯ ಪರದೆ ಸರಿದಿತ್ತು, ಕೆಂಪು ಬಿಳಿ ಬೆಳಕು ಅಡುಗೆಮನೆಯೊಳಗೆ ಮಿನುಗುತ್ತಿತ್ತು.

"ಎಂತದು ಅದು? ಬೇಡ ಅಂದಿದ್ದೆ ಅಲ್ವಾ ಫೆಸ್ತ್?"

"ಫೆಸ್ತ್ ಅಲ್ಲ ಅಕ್ಕಾ. ನಮ್ಮ ಮನೆಯಲ್ಲಿ ಹಬ್ಬ ಇಲ್ಲ. ಇದು ಒಂದು ದೇಶದ ರಾಷ್ಟ್ರೀಯ ದಿನ. ಅದನ್ನು ನಿಲ್ಲಿಸ್ಲಿಕ್ಕೆ ನಾನು ಯಾರು?"

ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ಫೋನಿನ ಹತ್ತಿರ ಮುಖ ತಂದು ಬಾಣಲೆಯನ್ನೇ ನೋಡಿದಳು.

"ಕೊತ್ತಂಬರಿ ಸೊಪ್ಪು ಹಾಕಿದ್ದೀಯಾ? ಇಲ್ವಾ? ಹಾಕು ಮಾರಾಯ. ನಿನ್ನ ದೇಶಕ್ಕೆ ಅದಿಲ್ಲದೆ ಆಗ್ತಿರಲಿಲ್ಲ."

ಹಾಕಿದೆ. ತಟ್ಟೆ ಮೇಜಿನ ಮೇಲಿಟ್ಟು ಕೂತೆ. ಕೂತವನು, ಹಡಗಿನ ಆ ಅಡುಗೆಯವನ ನೆನಪಾಗಿ, ಎದ್ದು ನೆಟ್ಟಗೆ ನಿಂತೆ. ಬಾಳೆಕಾಯಿ ಪಲ್ಯದ ಎದುರು ಒಬ್ಬ ಸ್ಟೋರ್‌ಕೀಪರ್ ಹಾಗೆ ನಿಂತದ್ದನ್ನು ಯಾರಾದರೂ ನೋಡಿದ್ದರೆ ನಗುತ್ತಿದ್ದರೇನೋ. ಆದರೆ ದೇಶದ ಮುಂದೆ ಕೂತುಕೊಂಡೇ ಇರುವುದು ಮರ್ಯಾದೆಯಲ್ಲ. ಲೂಸಿ ಮೊದಲೇ ಹೇಳಿದ್ದಳು.