ಅವರ್ಸಾದ ಮನೆಯವರು ಹಿಡಿಯದ ಸೂತಕ

ನಮ್ಮ ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಅವರ್ಸಾ ಊರಿನ ಮನೆಯವರು ಬರುತ್ತಿದ್ದರು. ಅಳುತ್ತಿದ್ದರು, ಚಟ್ಟಕ್ಕೆ ಹೆಗಲು ಕೊಡುತ್ತಿದ್ದರು, ನಾವು ಊಟ ಬಿಟ್ಟು ಕೂತರೆ ಗದರಿಸಿ ಗಂಜಿ ಕುಡಿಸುತ್ತಿದ್ದರು. ಸೂತಕವೊಂದನ್ನು ಮಾತ್ರ ಹಿಡಿಯುತ್ತಿರಲಿಲ್ಲ. ಒಂದೇ ಮೂಲದ ಮನೆಗಳಲ್ಲಿ ಸಾವಾದರೆ ಎಲ್ಲ ಮನೆಗಳೂ ಹತ್ತು ದಿನ ದೇವರಿಗೆ ದೀಪ ಹಚ್ಚುವಂತಿಲ್ಲ, ಪೂಜೆ ಪುನಸ್ಕಾರ ಮಾಡುವಂತಿಲ್ಲ, ಇನ್ನೊಬ್ಬರ ಮನೆಯ ಶುಭಕಾರ್ಯಕ್ಕೆ ಹೋಗುವಂತಿಲ್ಲ. ಅದು ರಕ್ತದವರಿಗೆ. ಅವರ್ಸಾದವರು ನಮ್ಮಲ್ಲಿ ಹೆಣ ಎತ್ತಿದ ದಿನವೇ ಊರಿಗೆ ಮರಳಿ, ಮಿಂದು, ಸಂಜೆಯ ದೀಪ ಹಚ್ಚಿಬಿಡುತ್ತಿದ್ದರು.

ಇದಕ್ಕೆಲ್ಲ ಕಾರಣ ನನ್ನ ಅಪ್ಪನ ಅಜ್ಜ. ಅವರ್ಸಾದ ಮನೆಯ ಕಿರಿಯ ಮಗನೊಬ್ಬ ಹಣಕೋಣದ ಕಡೆ ದುಡಿಯಲು ಹೋಗಿ, ವರ್ಷಗಟ್ಟಲೆ ಸುದ್ದಿಯಿಲ್ಲದೆ ಇದ್ದು, ಒಂದು ದಿನ ಸೊಂಟದ ಮೇಲೆ ಮಗುವನ್ನು ಕೂರಿಸಿಕೊಂಡು ಮನೆಗೆ ಬಂದನಂತೆ. ನನ್ನ ಮಗ, ಇವನ ತಾಯಿ ಸತ್ತಳು ಅಂದನಂತೆ. ಮದುವೆ ನೋಡಿದವರಿಲ್ಲ, ಆ ತಾಯಿಯನ್ನು ಕಂಡವರಿಲ್ಲ. ಮನೆಯವರು ಮಗುವಿಗೆ ಅನ್ನ ಹಾಕಿದರು, ಬೆಳೆಸಿದರು, ಮುಂದೆ ಮದುವೆಯನ್ನೂ ಮಾಡಿದರು. ಆದರೆ ಕರೆದದ್ದು ಮಾತ್ರ ‘ತಂದ ಹುಡುಗ’ ಎಂದು. ಆ ತಂದ ಹುಡುಗನೇ ಅಪ್ಪನ ಅಜ್ಜ. ಅವನಿಗೆ ಮಗ ಹುಟ್ಟಿ, ಮೊಮ್ಮಗ ಹುಟ್ಟಿ, ಆ ಮೊಮ್ಮಗ ಕಾರವಾರದಲ್ಲಿ ಮನೆ ಕಟ್ಟಿ ಪೆನ್ಶನ್ ತೆಗೆದುಕೊಳ್ಳುವ ಕಾಲ ಬಂದರೂ ನಾವು ತಂದ ಹುಡುಗನ ಕಡೆಯವರೇ. ಅವರ್ಸಾದ ಮನೆಯ ಯಜಮಾನರನ್ನು ನಾನು ಹುಟ್ಟಿದಾಗಿನಿಂದ ದೊಡ್ಡಪ್ಪ ಎಂದೇ ಕರೆದವಳು. ಮದುವೆಯ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂರಿಸಿಕೊಂಡು ಹೋಳಿಗೆಗೆ ತುಪ್ಪ ಹಾಕಿಸುವ ದೊಡ್ಡಪ್ಪ, ಸಾವಿನ ದಿನ ಮಾತ್ರ ಪರರಾಗುತ್ತಿದ್ದರು.

ಅಪ್ಪ ಇದನ್ನೆಲ್ಲ ನುಂಗಿಕೊಂಡೇ ಇದ್ದ, ನನ್ನ ತಮ್ಮ ಸಾಯುವವರೆಗೆ.

ಆ ವರ್ಷಗಳಲ್ಲಿ ಹೆದ್ದಾರಿಯ ತುಂಬ ಅದಿರಿನ ಲಾರಿಗಳು. ರಸ್ತೆಯ ಧೂಳೇ ಕೆಂಪಾಗಿತ್ತು. ತಮ್ಮ ಅಂಕೋಲೆಯಿಂದ ಬೈಕಿನಲ್ಲಿ ಬರುತ್ತಿದ್ದವನು ಮನೆ ತಲುಪಲಿಲ್ಲ. ಅವನಿಗಿನ್ನೂ ಮದುವೆಯಾಗಿರಲಿಲ್ಲ. ದೊಡ್ಡಪ್ಪ ಆಸ್ಪತ್ರೆಗೇ ಬಂದಿದ್ದರು, ಅಪ್ಪನನ್ನು ತಬ್ಬಿ ಹಿಡಿದುಕೊಂಡು ಗೋಳೋ ಎಂದು ಅತ್ತಿದ್ದರು. ಆ ಅಳು ಸುಳ್ಳಲ್ಲ, ಅದನ್ನು ನಾನು ಇವತ್ತಿಗೂ ಹೇಳುತ್ತೇನೆ. ಆದರೆ ಅದೇ ವಾರ ಅವರ್ಸಾದ ಮನೆಯಲ್ಲಿ ಸತ್ಯನಾರಾಯಣ ಪೂಜೆಯಾಯಿತು. ಮೊದಲೇ ನಿಶ್ಚಯವಾಗಿದ್ದದ್ದು, ತಪ್ಪಿಸಲಿಲ್ಲ. ಸಾಂತ್ವನ ಹೇಳಲು ಬಂದವರೊಬ್ಬರು ಬಾಯಿತಪ್ಪಿ ಅದನ್ನು ಅಪ್ಪನ ಎದುರೇ ಅಂದುಬಿಟ್ಟರು.

ಅಪ್ಪ ಎದ್ದು ಹಿತ್ತಲಿಗೆ ಹೋದ. ನಾನು ಹಿಂದೆ ಹೋದೆ. ಬಾವಿಕಟ್ಟೆಗೆ ಕೈಯೂರಿ ನಿಂತಿದ್ದ.

“ನನ್ನ ಹುಡ್ಗ ಅವ್ರಿಗೆ ನೆರೆಮನೆ ಹುಡ್ಗನಷ್ಟೇ ಆದ್ನಲ್ಲೇ, ತಂಗೀ” ಅಂದ. ಮಗಳನ್ನು ತಂಗಿ ಎಂದೇ ಕರೆಯುವುದು ನಮ್ಮ ಕಡೆಯ ರೂಢಿ. ಆಮೇಲೆ, “ನಾ ಸತ್ತಾಗಾದ್ರೂ ಅವ್ರು ಹತ್ತು ದಿನ ದೀಪ ಹಚ್ಚೂಕಾಗ್ದು. ನಂಗೆ ಮತ್ತೆಂತ ಬ್ಯಾಡ” ಅಂದ.

ನಾನು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುವವಳು. ಸೂತಕ, ಮೈಲಿಗೆ ಇವುಗಳ ಮೇಲೆ ನನಗೆ ಸಿಟ್ಟೇ ಹೊರತು ನಂಬಿಕೆ ಇರಲಿಲ್ಲ. ಬೇರೆಯವರ ಮನೆಯ ದೀಪ ಉರಿದರೆ ನಮಗೇನು, ಆರಿದರೆ ನಮಗೇನು ಎಂದು ಕೇಳಬಹುದಿತ್ತು. ಅಪ್ಪನ ಮುಖ ನೋಡಿದ ಮೇಲೆ ಕೇಳಲಾಗಲಿಲ್ಲ. ಕಪಾಳಕ್ಕೆ ಹೊಡೆಸಿಕೊಂಡ ಮುಖ ಅದು.

ಅದಾದ ಒಂದೆರಡು ವರ್ಷಕ್ಕೆ ಮುಂಬೈಯಿಂದ ಒಬ್ಬರ ಫೋನ್ ಬಂತು. ನಮ್ಮ ಕುಲದೇವರು ಗೋವೆಯಲ್ಲಿ. ಅದೇ ದೇವರಿಗೆ ನಡೆದುಕೊಳ್ಳುವ ಮನೆಗಳು ಕಾರವಾರ, ಅಂಕೋಲಾದಿಂದ ಮುಂಬೈವರೆಗೆ ಚೆದುರಿಹೋಗಿವೆ. ಇವರು ನಿವೃತ್ತ ಎಂಜಿನಿಯರು, ಹಾಗೆ ಚೆದುರಿದ ಮನೆಗಳನ್ನು ಡಿಎನ್‌ಎ ಪರೀಕ್ಷೆಯಿಂದ ಜೋಡಿಸಲು ಹೊರಟಿದ್ದರು. ಮನೆಗೊಬ್ಬ ಗಂಡಸು ಕೆನ್ನೆಯ ಒಳಭಾಗವನ್ನು ಸಣ್ಣ ಬ್ರಶ್ಶಿನಿಂದ ಉಜ್ಜಿ ಕಳಿಸಬೇಕು, ಅಮೆರಿಕದ ಪ್ರಯೋಗಾಲಯದಲ್ಲಿ ಪರೀಕ್ಷೆಯಾಗುತ್ತದೆ, ಎಲ್ಲರ ಫಲಿತಾಂಶವನ್ನೂ ಒಟ್ಟಿಗೆ ಇಟ್ಟು ಹೋಲಿಸಿದರೆ ಯಾರು ಯಾರ ಕವಲು ಎಂದು ಗೊತ್ತಾಗುತ್ತದೆ. ಗ್ರೂಪ್ ಪ್ರಾಜೆಕ್ಟ್ ಎಂದು ಅವರು ಬಾಯಿತುಂಬ ಹೇಳುತ್ತಿದ್ದರು. ವಿಷಯ ನನಗೆ ಹೊಸದಲ್ಲ. ವೈ ಕ್ರೋಮೋಸೋಮು ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಹೆಚ್ಚು ಕಡಿಮೆ ಇದ್ದ ಹಾಗೇ ಇಳಿಯುತ್ತದೆ. ಹೆಣ್ಣುಮಕ್ಕಳಿಗೆ ಅದು ಇಲ್ಲ. ಇದನ್ನು ವರ್ಷವರ್ಷವೂ ಬೋರ್ಡಿನ ಮೇಲೆ ಬರೆದು ಅಳಿಸಿದ್ದೆ.

ಅವರ್ಸಾದ ದೊಡ್ಡಪ್ಪ ಆಗಲೇ ಕೆನ್ನೆ ಉಜ್ಜಿ ಕೊಟ್ಟಾಗಿತ್ತು. ತಮ್ಮದೇ ಮೂಲಮನೆ ಎಂದು ಅಮೆರಿಕದವರೂ ಒಪ್ಪಲಿ ಎನ್ನುವ ಆಸೆ ಅವರಿಗೆ. ನಾನು ಅವರನ್ನೇ ನೇರ ಕೇಳಿದೆ: ಅಪ್ಪನದೂ ನಿಮ್ಮದೂ ಒಂದೇ ಅಂತ ಬಂದರೆ?

“ಹೌದು ಅಂತ ಬಂದ್ರೆ ನಾ ಯಾಕೆ ಅಡ್ಡ ಹೇಳ್ಲಿ? ರಕ್ತ ಅಂದ್ಮೇಲೆ ರಕ್ತ. ಸೂತಕ ಹಿಡೀತೆ. ನಾ ಮಾತಿಗೆ ತಪ್ಪೂನಲ್ಲ” ಅಂದರು.

ಅಪ್ಪನಿಗೆ ಹೇಳಿದೆ. ಮರುದಿನವೇ ಹೋಗಿ ಕ್ಷೌರ ಮಾಡಿಸಿಕೊಂಡು ಬಂದ. ಕೆನ್ನೆಯ ಒಳಗನ್ನು ಉಜ್ಜುವುದಕ್ಕೆ ಕೆನ್ನೆಯ ಹೊರಗನ್ನು ಯಾಕೆ ಬೋಳಿಸಿಕೊಂಡಿರಿ ಎಂದು ಆಯಿ, ನನ್ನ ಅಮ್ಮ, ನಗಾಡಿದಳು. ತಮ್ಮ ಹೋದ ಮೇಲೆ ಆಯಿ ನಕ್ಕದ್ದು ಅದೇ ಮೊದಲು.

ಮುಂಬೈಯಿಂದ ಕಿಟ್ ಬಂತು. ಹಲ್ಲುಜ್ಜುವ ಬ್ರಶ್ಶಿನ ಮರಿಯಂಥ ಎರಡು ಕಡ್ಡಿ, ಅವನ್ನು ಹಾಕಿಡಲು ಎರಡು ಪುಟ್ಟ ಸೀಸೆ. ಬೆಳಿಗ್ಗೆ ಏನೂ ತಿನ್ನದೆ ಉಜ್ಜಿ ಸೀಸೆಯಲ್ಲಿ ಹಾಕಿಡು ಎಂದು ಹೇಳಿ ನಾನು ಶಾಲೆಗೆ ಹೋದೆ. ಸಂಜೆ ಬರುವಷ್ಟರಲ್ಲಿ ಎಲ್ಲ ಮುಗಿಸಿ ದೇವರ ಮುಂದೆ ಇಟ್ಟಿದ್ದ. ಒಂದು ದಾಸವಾಳ ಬೇರೆ ಏರಿಸಿದ್ದ. ನಾನು ಪೊಟ್ಟಣ ಕಟ್ಟಿ ಮುಂಬೈಗೆ ಕಳಿಸಿದೆ.

ಫಲಿತಾಂಶಕ್ಕೆ ಅಪ್ಪ ಕಾದದ್ದೇ ಕಾದದ್ದು. ಹತ್ತನೇ ತರಗತಿಯ ಮಕ್ಕಳೂ ಹಾಗೆ ಕಾಯುವುದಿಲ್ಲ. ನಾನು ಇಂಟರ್‌ನೆಟ್ ಅಂಗಡಿಗೆ ಹೋಗಿ ಮನೆಗೆ ಬಂದ ಕೂಡಲೇ ಮುಖ ನೋಡುತ್ತಿದ್ದ. ಕೊನೆಗೆ ಮುಂಬೈಯವರ ಈಮೇಲ್ ಬಂತು: ಬ್ರಶ್ಶಿನಲ್ಲಿ ಪರೀಕ್ಷೆ ಮಾಡಲು ಏನೂ ಸಿಗಲಿಲ್ಲವಂತೆ, ಇನ್ನೊಂದು ಕಿಟ್ ಕಳಿಸುತ್ತೇನೆ.

“ಸರಿ ಉಜ್ಜಿದ್ಯಾ ಅಪ್ಪಾ?”

“ಉಜ್ಜದೆ? ಉರಿ ಬರೂವರೆಗೆ ಉಜ್ಜಿದೆ.”

“ಆಮೇಲೆ?”

“ಆಮೇಲೆಂತ? ತೊಳೆದು, ನೆರಳಲ್ಲಿ ಒಣಗ್ಸಿ, ಹಾಕಿಟ್ಟೆ.”

ನಾನು ಬಾಯಿಬಿಟ್ಟು ನೋಡಿದೆ. ಅಪ್ಪನಿಗೇ ನನ್ನ ದಡ್ಡತನ ಕಂಡು ಆಶ್ಚರ್ಯ. “ಎಂಜಲಲ್ದೇನೇ ಅದು? ದೇವ್ರ ಮುಂದಿಟ್ಟು, ನಾಲ್ಕು ಜನ್ರ ಕೈಗೆ ಕೊಡೂ ವಸ್ತು. ಎಂಜಲನ್ನ ಹಾಗೇ ಕಳ್ಸೂಕಾಗ್ತದಾ? ಸಮಾ ತೊಳ್ದೆ, ಎರಡೆರಡು ಸಲ.”

ಆಯಿ ಬಾಯಿಗೆ ಸೆರಗು ಅಡ್ಡ ಹಿಡಿದು ಒಳಗೆ ಓಡಿದಳು. ನನಗೆ ನಗು ಬಂತು, ಅದರ ಬೆನ್ನಿಗೇ ಅಳು ಬಂತು. ಅವನಿಗೆ ಬೇಕಾಗಿದ್ದ ಉತ್ತರ ಆ ಎಂಜಲಿನಲ್ಲೇ ಇತ್ತು. ಮರ್ಯಾದೆಯಿಂದ ತೊಳೆದು ಮೋರಿಗೆ ಬಿಟ್ಟಿದ್ದ.

ಎರಡನೆಯ ಕಿಟ್ ಬೇಗನೇ ಬಂತು. ಅದನ್ನು ಅಪ್ಪ ಕಪಾಟಿನಲ್ಲಿಟ್ಟ. ಹಬ್ಬ ಮುಗಿಯಲಿ ಅಂದ. ಹಬ್ಬ ಮುಗಿದ ಮೇಲೆ ಹಲ್ಲುನೋವು ಅಂದ. ಹಲ್ಲು ಕೀಳಿಸಿದ ಮೇಲೆ ಹುಣ್ಣು ಮಾಯಲಿ ಅಂದ. ನನಗೆ ರೇಗಿತು. ಒಂದು ಭಾನುವಾರ ಕಿಟ್ಟನ್ನು ಅವನ ಮಡಿಲಲ್ಲೇ ಇಟ್ಟು, ಇವತ್ತು ಬಾಯಿ ತೆಗೆಯದಿದ್ದರೆ ನಾನೇ ತೆಗೆಸುತ್ತೇನೆ ಅಂದೆ.

ಅಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿದ. “ಅಲ್ಲ ಅಂತ ಬಂದ್ರೆ ಎಂತ ಮಾಡೂದೇ? ಈಗಾದ್ರೆ ಅವ್ರು ಅಲ್ಲ ಅಂದ್ರೆ ನಾ ಹೌದು ಅಂತೆ. ಜಗಳಕ್ಕೊಂದು ಜಾಗ ಇದೆ. ಅಲ್ಲ ಅಂತ ಬಂದ್ಬಿಟ್ರೆ, ನನ್ನ ಅಜ್ಜ ಯಾರು? ನಾ ಯಾರು?”

ನಾನು ಕಿಟ್ಟನ್ನು ತೆಗೆದು ಮತ್ತೆ ಕಪಾಟಿನಲ್ಲಿಟ್ಟೆ. ಮುಂದೆ ಆ ಮಾತು ಎತ್ತಲಿಲ್ಲ.

ದಸರೆ ರಜೆಯ ಒಂದು ಬೆಳಿಗ್ಗೆ ಅಪ್ಪ ಜಗಲಿಯಲ್ಲಿ ಪೇಪರ್ ಓದುತ್ತಾ ಕೂತಲ್ಲೇ ಹೋಗಿಬಿಟ್ಟ. ಚಾ ಆರಿತು ಎಂದು ಹೇಳಲು ಆಯಿ ಹೊರಗೆ ಬಂದಾಗ ಕನ್ನಡಕ ಮೂಗಿನ ಮೇಲೇ ಇತ್ತಂತೆ. ಡಾಕ್ಟರು ಬಂದು ನೋಡಿ ಹೋದ ಮೇಲೆ ಗೊತ್ತಿದ್ದವರಿಗೆಲ್ಲ ಫೋನ್ ಮಾಡಿದೆ, ಮುಂಬೈಯವರಿಗೂ. ಅವರು ಸಮಾಧಾನ ಹೇಳಿದರು. ಆಮೇಲೆ, ಕೇಳಬಾರದು, ಆದರೂ ಕೇಳುತ್ತೇನೆ, ಆ ಕಿಟ್ ಇನ್ನೂ ಇದೆಯೇ ಎಂದರು. ಕೂಡಲೇ ತೆಗೆದರೆ ಏನಾದರೂ ಸಿಕ್ಕೀತು, ದಹನವಾದರೆ ಮುಗಿಯಿತು ಎಂದರು.

ಆ ಗಳಿಗೆಯಲ್ಲಿ ಅವರನ್ನು ಬೈಯಬೇಕೆನಿಸಿತು. ಬೈಯಲಿಲ್ಲ. ಆಯಿಯ ಕಿವಿಯಲ್ಲಿ ಹೇಳಿದೆ.

ಆಯಿ ಬಂದವರನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಹಾಕಿದಳು. “ತಗೋ. ಇದ್ದಾಗ ಹೆದ್ರಿಕೊಂಡ್ರು. ಈಗ ಹೆದ್ರೂಕೆ ಎಂತ ಉಳೀತು?” ಅಂದಳು. ಬಾಯಿಗೆ ಹಾಕಿದ್ದ ತುಳಸಿಯನ್ನು ಅವಳೇ ತೆಗೆದಳು, ಗಲ್ಲ ಹಿಡಿದುಕೊಂಡಳು. ನಾನು ಅಪ್ಪನ ಕೆನ್ನೆಯ ಒಳಗೆ ಬ್ರಶ್ಶು ಆಡಿಸಿದೆ. ಬಾಯಿ ತಣ್ಣಗಿತ್ತು. ಸಣ್ಣವಳಿದ್ದಾಗ ನನ್ನ ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕರೆ ಅಪ್ಪ ಹೀಗೇ ಬಾಯಿಗೆ ಬೆರಳು ಹಾಕಿ ತೆಗೆಯುತ್ತಿದ್ದ. ಈಗ ಅವನ ಬಾಯಿಗೆ ನಾನು ಕಡ್ಡಿ ಹಾಕಿದ್ದೆ, ಅವನು ಬೇಡ ಎನ್ನುವ ಹಾಗೂ ಇರಲಿಲ್ಲ. ಮುಗಿದ ಮೇಲೆ ಆಯಿ ತುಳಸಿಯನ್ನು ಮರಳಿ ಇಟ್ಟು, ತುಟಿ ಒರೆಸಿ, ಬಾಗಿಲು ತೆರೆದಳು.

ದೊಡ್ಡಪ್ಪ ಮಧ್ಯಾಹ್ನದೊಳಗೆ ಬಂದರು. ಅಪ್ಪನ ಕಾಲ ಬಳಿ ಕೂತು, “ನನಗಿಂತ ಸಣ್ಣೋನು, ನನಗಿಂತ ಮೊದ್ಲು ಹೋದ್ಯಲ್ಲೋ” ಎಂದು ಅತ್ತರು. ಬೆಂಕಿ ಕೊಟ್ಟದ್ದು ನನ್ನ ಸೋದರಮಾವನ ಮಗ. ಎಲ್ಲ ಮುಗಿದು ದೊಡ್ಡಪ್ಪ ಹೊರಟು ನಿಂತಾಗ ನಾನು ಹೇಳಿದೆ, ಬ್ರಶ್ಶು ತೆಗೆದಾಗಿದೆ, ನಾಳೆ ಕಳಿಸುತ್ತೇನೆ, ಉತ್ತರ ಬರುವವರೆಗೆ ಸೂತಕ ಹಿಡಿಯಿರಿ ಎಂದು.

“ಬರ್ಲಿ, ನೋಡ್ವ. ಪದ್ಧತಿ ಅಂತ ಒಂದಿದೆಯಲ್ಲ, ತಂಗೀ.”

“ಬರೂವರೆಗೆ ಹತ್ತು ದಿನ ಕಾಯ್ತದಾ, ದೊಡ್ಡಪ್ಪಾ?”

ಅವರು ನನ್ನ ತಲೆಯ ಮೇಲೆ ಕೈಯಿಟ್ಟು, ಬಸ್ಸಿಗೆ ಹೋದರು. ಆ ಸಂಜೆ ಅವರ್ಸಾದಲ್ಲಿ ದೀಪ ಹಚ್ಚಿದರು. ಹಚ್ಚಿರಲೇಬೇಕು. ಅಪ್ಪ ಕೇಳಿದ್ದು ಅದೊಂದನ್ನೇ. ಅದೊಂದನ್ನು ನನ್ನಿಂದ ಕೊಡಿಸಲಾಗಲಿಲ್ಲ.

ಉತ್ತರ ಬೇಗ ಬರಲಿಲ್ಲ. ಸಿಕ್ಕಿದ್ದು ತೀರಾ ಕಡಿಮೆ, ಮತ್ತೊಮ್ಮೆ ಮಾಡುತ್ತಿದ್ದಾರೆ, ಇನ್ನೊಂದು ತಿಂಗಳು ಎಂದು ಮುಂಬೈಯವರು ಹೇಳುತ್ತಲೇ ಇದ್ದರು. ಅಪ್ಪನ ವರ್ಷಾಂತವೂ ಕಳೆಯಿತು. ಅದಾದ ಮೇಲೆ ಬಂತು. ದೊಡ್ಡಪ್ಪನ ಅಂಕಿಗಳೂ ಅಪ್ಪನ ಅಂಕಿಗಳೂ ಸಾಲುಸಾಲಾಗಿ ಒಂದೇ. ಆ ಮಗು ಕಿರಿಯ ಮಗನದೋ, ಅವನ ಅಣ್ಣಂದಿರಲ್ಲಿ ಒಬ್ಬನದೋ ಎಂದು ಈ ಪರೀಕ್ಷೆ ಹೇಳುವುದಿಲ್ಲ. ಅವರ್ಸಾದ ಮನೆಯ ಗಂಡಿನದು ಎನ್ನುವುದರಲ್ಲಿ ಮಾತ್ರ ಸಂಶಯವಿಲ್ಲ. ಇಂಟರ್‌ನೆಟ್ ಅಂಗಡಿಯಲ್ಲಿ ಕೂತು ಮೂರು ಸಲ ಓದಿದೆ. ತಂದ ಹುಡುಗ ಮನೆಯ ಹುಡುಗನೇ ಆಗಿದ್ದ. ಅದು ಗೊತ್ತಾಗುವ ಹೊತ್ತಿಗೆ ಅವನ ಕವಲಿನಲ್ಲಿ ಗಂಡಸು ಎನ್ನುವವನು ಒಬ್ಬನೂ ಉಳಿದಿರಲಿಲ್ಲ.

ಮರುದಿನವೇ ಅವರ್ಸಾಕ್ಕೆ ಹೋದೆ. ದೊಡ್ಡಪ್ಪ ನಾನು ಕೊಟ್ಟ ಹಾಳೆಯನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ, “ನೀನೇ ಹೇಳು” ಅಂದರು. ಹೇಳಿದೆ. ಅವರು ವಾದ ಮಾಡಲಿಲ್ಲ. ಎದ್ದು ಪುರೋಹಿತರಿಗೆ ಫೋನ್ ಮಾಡಿದರು. ಸಂಬಂಧ ಈಗ ತಿಳಿದಿದೆ, ಸಾವಾಗಿ ವರ್ಷ ಕಳೆದಿದೆ, ಎಷ್ಟು ದಿನ ಹಿಡಿಯಬೇಕು? ಆ ಕಡೆಯಿಂದ ಏನು ಹೇಳಿದರೋ, ಹೂಂ ಹೂಂ ಅಂದು ಇಟ್ಟರು.

“ವರ್ಷ ದಾಟಿದ ಮೇಲೆ ದಿನ ಇಲ್ವಂತೆ, ತಂಗೀ. ಒಂದು ಸ್ನಾನ ಅಷ್ಟೇ.”

ಅಂಗಿ ತೆಗೆದಿಟ್ಟು, ಉಟ್ಟ ಪಂಚೆಯಲ್ಲೇ ಬಾವಿಗೆ ಹೋದರು. ಒಂದು ಕೊಡ ನೀರು ಸೇದಿ ತಲೆಯ ಮೇಲೆ ಸುರಿದುಕೊಂಡರು. ನೀರು ಇಳಿಯುತ್ತಿದ್ದ ಹಾಗೇ ನನ್ನ ಕಡೆ ತಿರುಗಿ, “ಆಯ್ತು. ಅವನ ಸೂತಕ ಕಳೀತು” ಅಂದರು. ಮಾತಿಗೆ ತಪ್ಪಿದವರಲ್ಲ. ದೊಡ್ಡಮ್ಮ ಒಣಗಿದ ಪಂಚೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ಅಪ್ಪ ಬದುಕಿಡೀ ಹಂಬಲಿಸಿದ್ದು ಒಂದು ಕೊಡ ನೀರಿಗೆ ಮುಗಿದುಹೋಯಿತು.

ನನಗೆ ಸಿಟ್ಟು ಬಂದಿತ್ತೋ ಅಳು ಬಂದಿತ್ತೋ ಹೇಳಲಾರೆ. ಬಾಯಿಂದ ಬಂದದ್ದು ಇಷ್ಟು:

“ನನ್ನ ತಮ್ಮಂದು, ದೊಡ್ಡಪ್ಪಾ?”

ಒಣಪಂಚೆಗೆ ಚಾಚಿದ ಕೈ ಅಲ್ಲೇ ನಿಂತಿತು. ಅವರು ನನ್ನನ್ನೇ ನೋಡಿದರು. ಆಮೇಲೆ ಹಿಂದಿರುಗಿ ಹೋಗಿ, ಕೊಡವನ್ನು ಮತ್ತೆ ಬಾವಿಗೆ ಇಳಿಸಿದರು. ಎಳೆಯುವಾಗ ಹಗ್ಗ ಅರ್ಧಕ್ಕೆ ನಿಂತಿತು. ಹೆಗಲು ಕುಲುಕುತ್ತಿದ್ದವು, ಕೊಡ ಮೇಲೆ ಬರುತ್ತಿರಲಿಲ್ಲ. ನಾನು ಹೋಗಿ ಹಗ್ಗಕ್ಕೆ ಕೈ ಹಾಕಿದೆ. ಇಬ್ಬರೂ ಸೇರಿ ಕೊಡ ಎತ್ತಿದೆವು, ಅದನ್ನು ನಾನೇ ಅವರ ತಲೆಯ ಮೇಲೆ ಸುರಿದೆ.