ಹಾಲು ಉಕ್ಕದ ಒಲೆ

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಶಿರಾ, ಮಧುಗಿರಿ ಸುತ್ತಿನ ಹಳ್ಳಿಗಳಲ್ಲಿ ಹೊಗೆಯಿಲ್ಲದ ಒಲೆಯ ಗುಣಗಾನ ಮಾಡುತ್ತ ತಿರುಗುತ್ತಿದ್ದೆ. ಒಲೆ ಕಟ್ಟುವುದು ಮೇಸ್ತ್ರಿಯ ಕೆಲಸ. ಅದಕ್ಕೆ ಮುಂಚೆ ಹೋಗಿ, ಆ ಮನೆಗೆ ಎಂಥ ಒಲೆ ಹೊಂದುತ್ತದೆಂದು ಗೊತ್ತುಮಾಡಿ, ಕಟ್ಟಿದ ಮೇಲೆ ಉರಿಸಿ ತೋರಿಸಿ ಮನೆಯವರನ್ನು ಒಪ್ಪಿಸುವುದು ನನ್ನ ಕೆಲಸ. ತರಬೇತಿಯಲ್ಲಿ ಸೌದೆ ಉಳಿತಾಯದ ಬಗ್ಗೆ ಗಂಟೆಗಟ್ಟಲೆ ಹೇಳಿಕೊಟ್ಟಿದ್ದರು. ಆ ಪಾಠ ಶುರು ಮಾಡಿದರೆ ಹೆಂಗಸರು ಆಕಳಿಸುತ್ತಿದ್ದರು. ಬಾಯಿ ಮುಚ್ಚಿಕೊಂಡು ಕೇಳಿಸಿಕೊಳ್ಳುವುದೂ ಈ ಕೆಲಸದಲ್ಲಿ ಸೇರಿದೆ ಎಂದು ಯಾರೂ ಹೇಳಿರಲಿಲ್ಲ. ನನ್ನಂಥ ಬಾಯಿಬಡುಕಿಗೆ ಅದು ಸುಲಭವಾಗಿ ಬರುವ ವಿದ್ಯೆಯೂ ಆಗಿರಲಿಲ್ಲ.

ಜಗಲಿಯ ಮೇಲೆ ಕೂತ ಗಂಡಸರು ಕಾಫಿ ಕೊಟ್ಟು, ಕಟ್ಟಿಬಿಡಿ ಎಂದರೆ ಅದು ಒಪ್ಪಿಗೆಯಲ್ಲ. ಅವರು ಯಾವತ್ತಾದರೂ ಒಲೆ ಊದಿದ್ದರೆ ತಾನೆ? ಒಳಗೆ ಹೋಗಿ ಅಡುಗೆ ಮಾಡುವವಳ ಪಕ್ಕ ಕೂರಬೇಕು. ಮುದ್ದೆ ಪಾತ್ರೆಯ ಬಾಯಿ ಎಷ್ಟು ಗೇಣು ನೋಡಬೇಕು. ಹಿಟ್ಟು ತೊಳಸುವಾಗ ಪಾತ್ರೆ ಅಲುಗದಂತೆ ಕವೆಗೋಲನ್ನು ಕಾಲಲ್ಲಿ ಒತ್ತಿ ಹಿಡಿಯುತ್ತಾರಲ್ಲ, ಅದಕ್ಕೆ ಜಾಗ ಬಿಡಬೇಕು. ಇದನ್ನೆಲ್ಲ ನಾನು ಚೆನ್ನಾಗಿಯೇ ಕಲಿತಿದ್ದೆ. ಸ್ವಲ್ಪ ಜಂಬವೂ ಬಂದಿತ್ತು.

ಕಳ್ಳಂಬೆಳ್ಳದ ಆಚೆಯ ಒಂದು ಒಕ್ಕಲು ಮನೆಯಲ್ಲಿ ಅತ್ತೆ, ಮಗ, ಸೊಸೆ ಮೂವರೇ. ಸೊಸೆ ಪಾವಗಡದ ಕಡೆಯವಳು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ, ತೌರಿನ ಕಡೆ ಹೋಗಿ ಬಹಳ ದಿನವಾಗಿತ್ತು. ಅವಳ ಕಣ್ಣು ಸದಾ ಕೆಂಪಗಿರುತ್ತಿತ್ತು. ಮೊದಲ ದಿನವೇ ನನ್ನನ್ನು ಹಿತ್ತಿಲಿಗೆ ಕರೆದು, "ಅಕ್ಕಾ, ನಮ್ಮತ್ತೆ ಹಳೇ ಒಲೆ ಒಡೆಯಾಕೆ ಬುಡಲ್ಲ. ಹೆಂಗಾದ್ರೂ ಮಾಡಿ ಒಪ್ಪಿಸ್ಬುಡು" ಅಂದಳು. ಆಗಲಿ ಎಂದು ನಾನು ಅತ್ತೆಯ ಹತ್ತಿರ ಹೋದೆ.

ಅತ್ತೆ ಜಗಳಗಂಟಿಯೇನಲ್ಲ. ತಾನು ಮದುವೆಯಾಗಿ ಬಂದಾಗಿನಿಂದ ಸಾರಿಸಿ ರಂಗೋಲಿ ಇಟ್ಟ ಒಲೆ ಅದು, ಪಕ್ಕದಲ್ಲಿ ಬೇಕಾದರೆ ಹೊಸದು ಕಟ್ಟಿ, ಉರಿಸಿ ನೋಡಿದ ಮೇಲೆ ಮಾತು ಎಂದರು. ಹಾಗೇ ಆಯಿತು. ಮೇಸ್ತ್ರಿ ಹಿಂದೊಂದು ಮುಂದೊಂದು ಬಾಯಿ ಇರುವ ಒಲೆ ಕಟ್ಟಿ, ಗೋಡೆಯಾಚೆಗೆ ಸಿಮೆಂಟ್ ಪೈಪು ಏರಿಸಿದ. ಒಲೆ ಒಣಗಿದ ಮೇಲೆ ಉರಿಸುವ ದಿನ ನಾನು ಹೋದೆ. ಅಕ್ಕಪಕ್ಕದ ಹೆಂಗಸರೆಲ್ಲ ಬಾಗಿಲಲ್ಲಿ ನಿಂತಿದ್ದರು.

ಹೊಸ ಒಲೆಯಲ್ಲಿ ಮೊದಲು ಹಾಲು ಉಕ್ಕಿಸಬೇಕು. ಸೊಸೆ ಒಲೆಗೆ ಅರಿಶಿನ ಕುಂಕುಮ ಇಟ್ಟು ಹಾಲು ತಂದಳು. ನಾನು ಸುಮ್ಮನಿರಬಾರದೆ? ಒಂದೇ ಉರಿಗೆ ಎರಡು ಪಾತ್ರೆ ಬೇಯುವುದನ್ನು ತೋರಿಸುವ ಉಮೇದಿನಲ್ಲಿ ಮುಂದಿನ ಬಾಯಿಗೆ ಮುದ್ದೆಯ ಎಸರು ಇಟ್ಟು, ಹಾಲನ್ನು ಹಿಂದಿನದಕ್ಕೆ ಇಡಿಸಿದೆ. ಹಿಂದಿನ ಬಾಯಲ್ಲಿ ಹಾಲಿಟ್ಟರೆ ಉಕ್ಕಿ ಚೆಲ್ಲುವುದಿಲ್ಲ ಎನ್ನುವುದು ಆ ಒಲೆಯ ದೊಡ್ಡ ಗುಣವೆಂದು ನಮಗೆ ಹೇಳಿಕೊಟ್ಟಿದ್ದರು. ನಾನೇ ಎಷ್ಟೋ ಮನೆಗಳಲ್ಲಿ ಅದನ್ನು ಹೊಗಳಿದ್ದೆ.

ಎಸರು ಕುದಿಯಿತು. ಹಾಲು ಕೆನೆಗಟ್ಟಿಕೊಂಡು ಸುಮ್ಮನೆ ಕೂತಿತ್ತು. ಎಷ್ಟು ಹೊತ್ತಾದರೂ ಉಕ್ಕಲಿಲ್ಲ. ಬಾಗಿಲಲ್ಲಿದ್ದ ಒಬ್ಬಾಕೆ ಇದೇನೋ ಒಳ್ಳೇದಲ್ಲ ಎಂದಳು.  ನಾನು ಸೌದೆ ಲೆಕ್ಕ ಹೇಳಲು ಹೋದರೆ ಯಾರೂ ಕಿವಿಗೊಡಲಿಲ್ಲ. ಸೊಸೆ ಒಲೆಯ ಮುಂದೆ ತಲೆ ತಗ್ಗಿಸಿ ಕೂತಿದ್ದಳು. ಇನ್ನು ಈ ಒಲೆ ಇಲ್ಲಿ ಉಳಿಯುವುದಿಲ್ಲ ಎಂದು ಅವಳಿಗೂ ಗೊತ್ತಾಗಿತ್ತು, ನನಗೂ.

ಅತ್ತೆ ಒಲೆಯನ್ನು ನೋಡುತ್ತಿರಲಿಲ್ಲ, ಸೊಸೆಯ ಮುಖವನ್ನು ನೋಡುತ್ತಿದ್ದರು. ಹತ್ತಿರ ಬಂದು ಕೂತು ಅವಳ ಗಲ್ಲ ಹಿಡಿದು ಎತ್ತಿದರು.

"ಹೊಗೇನೇ ಇಲ್ವಲ್ಲೇ ಒಳಗೆ. ಮತ್ಯಾಕೆ ನಿನ್ ಕಣ್ಣಾಗೆ ನೀರು?"

ಅವಳು ಕಣ್ಣನ್ನು ಸೆರಗಿನಿಂದ ಒರೆಸಿಕೊಂಡಳು. ಮತ್ತೆ ತುಂಬಿತು.

"ಇಷ್ಟು ದಿನಾನೂ ಹೊಗೆ ಅನ್ಕಂಡಿದ್ನಲ್ಲೇ ನಾನು" ಅಂದರು ಅತ್ತೆ.

 ನಾನೂ ಅವಳ ಕೆಂಪು ಕಣ್ಣಿಗೆ ಹೊಗೆಯೇ ಕಾರಣ ಅಂದುಕೊಂಡಿದ್ದವಳು.

ಅತ್ತೆ ಎಸರಿನ ಪಾತ್ರೆ ಇಳಿಸಿ, ಹಾಲನ್ನು ಮುಂದಿನ ಬಾಯಿಗೆ ತಂದಿಟ್ಟರು. ಎರಡು ಸೌದೆ ಒಳಗೆ ತಳ್ಳಿದರು. ಹಿಂದಿನದು ಕೋಡೊಲೆ ಇದ್ದಂಗೆ, ಉರಿ ತಾಗಲ್ಲ ಬರೀ ಕಾವು, ಅಲ್ಲಿ ಹಾಲು ಹೆಂಗೆ ಉಕ್ಕುತ್ತೆ ಎಂದು ಬಾಗಿಲಲ್ಲಿದ್ದವರಿಗೆ ಕೇಳುವಂತೆ ಹೇಳಿದರು. ಸ್ವಲ್ಪ ಹೊತ್ತಿಗೆ ಹಾಲು ನೊರೆಯೆದ್ದು ಪಾತ್ರೆಯ ಸುತ್ತ ಇಳಿಯಿತು. ಬಾಗಿಲಲ್ಲಿದ್ದವರು ಒಳಗೆ ಬಂದು ಕೂತರು.

ನಾನು ಹೊರಡುವಾಗ ಮಗ ಹೊಲದಿಂದ ಬಂದ. ಒಲೆ ಒಪ್ಪಿಗೆಯಾಯಿತೇ ಎಂದು ತಾಯಿಯನ್ನು ಕೇಳಿದ.

"ನಾಳೆ ಇವಳನ್ನ ಪಾವಗಡಕ್ಕೆ ಕರ್ಕಂಡೋಗಿ ತೌರುಮನೇಲಿ ಬುಟ್ಟು ಬಾ" ಎಂದರು ಆಕೆ. "ನಾಲ್ಕು ದಿನ ಇದ್ದು ಬರ್ಲಿ. ಅಷ್ಟ್ರಲ್ಲಿ ಹಳೇ ಒಲೆ ನಾನೇ ಒಡ್ದಾಕಿರ್ತೀನಿ."