ಆರಾಮಿಲ್ಲದ ಬಾಡಿಗೆಯವರು

ಕೊಳ್ಳೇಗಾಲದಲ್ಲಿ ನನ್ನದೊಂದು ಸಣ್ಣ ಮುದ್ರಣಾಲಯವಿತ್ತು. ಮದುವೆಯ ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಅಂಗಡಿಗಳ ಬಿಲ್ ಪುಸ್ತಕ, ಇಷ್ಟೇ ಕೆಲಸ. ಜನ ಮೊಬೈಲಿನಲ್ಲೇ ಆಮಂತ್ರಣ ಕಳಿಸತೊಡಗಿದ ಮೇಲೆ ಆ ಕೆಲಸವೂ ಕಡಿಮೆಯಾಗುತ್ತ ಬಂತು. ಕೊನೆಗೆ ಯಂತ್ರವನ್ನು ಕೊಟ್ಟುಬಿಟ್ಟು ಬಾಗಿಲು ಹಾಕಿದೆ. ಆ ಹೊತ್ತಿಗೆ ಸರಿಯಾಗಿ ಹೆಂಡತಿಗೆ ಕೊಪ್ಪಳದ ಕಡೆ ಉಪನ್ಯಾಸಕಿಯ ಕೆಲಸ ಸಿಕ್ಕಿತು. ಕಾಲೇಜು ಹಿಟ್ನಾಳದ ಹತ್ತಿರ, ಮನೆ ಕೊಪ್ಪಳದಲ್ಲಿ ಎಂದು ತೀರ್ಮಾನವಾಯಿತು. ಮೂರನೇ ತರಗತಿಗೆ ಕಾಲಿಡಲಿದ್ದ ಮಗಳನ್ನು ಕರೆದುಕೊಂಡು, ಸಾಮಾನನ್ನೆಲ್ಲ ಲಾರಿಗೆ ಏರಿಸಿ, ರಾಜ್ಯದ ಈ ತುದಿಯಿಂದ ಆ ತುದಿಗೆ ಹೊರಟೆವು.

ಅವಳಿಗೆ ಕೆಲಸ, ಮಗಳಿಗೆ ಶಾಲೆ, ನನಗೆ ಮನೆ. ಹೀಗೆಂದು ನಾವಿಬ್ಬರೂ ಕೂತು ಮಾತಾಡಿಕೊಂಡೇ ಬಂದಿದ್ದೆವು. ಅಡುಗೆ ನನಗೆ ಹೊಸದಲ್ಲ, ಬಟ್ಟೆ ಒಗೆಯುವುದೂ ಹೊಸದಲ್ಲ. ಆದರೆ ಕೊಪ್ಪಳದ ಆ ಓಣಿಯಲ್ಲಿ ಬೆಳಿಗ್ಗೆ ಗಂಡಸರೆಲ್ಲ ಕಾಳಿನ ಪೇಟೆಯಾದ ಗಂಜ್‌ಗೋ ಕಚೇರಿಗೋ ಹೊರಟುಹೋದ ಮೇಲೆ ನಾನೊಬ್ಬನೇ ಲುಂಗಿ ಕಟ್ಟಿಕೊಂಡು ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿರುವುದು ಎದ್ದು ಕಾಣುತ್ತಿತ್ತು. ಕಟ್ಟೆಯ ಮೇಲೆ ಕೂತ ಹೆಂಗಸರು ನಾನು ಬಕೆಟ್ ಹಿಡಿದು ಬಂದರೆ ಮಾತು ನಿಲ್ಲಿಸುತ್ತಿದ್ದರು. ಅವರಲ್ಲಿ ಕೆಟ್ಟ ಭಾವನೆ ಏನೂ ಇರಲಿಲ್ಲ. ನನ್ನನ್ನು ಎಲ್ಲಿ ಇಡಬೇಕೆಂದು ಅವರಿಗೆ ತಿಳಿದಿರಲಿಲ್ಲ, ಅಷ್ಟೇ. ನಿಜ ಹೇಳಬೇಕೆಂದರೆ ನನಗೂ ತಿಳಿದಿರಲಿಲ್ಲ.

ನಮ್ಮ ಮನೆಯ ಒಡತಿ ಅರವತ್ತು ದಾಟಿದ ಹೆಂಗಸು. ಒಂದೇ ಅಂಗಳದ ಆ ಬದಿ ಅವರ ಮನೆ, ಈ ಬದಿ ನಾವು ಬಾಡಿಗೆಗಿದ್ದ ಭಾಗ. ಗಂಡ ತೀರಿಕೊಂಡ ಮೇಲೆ ಗಂಜ್‌ನಲ್ಲಿದ್ದ ಕಾಳಿನ ಅಂಗಡಿಯನ್ನು ಮಗ ನೋಡಿಕೊಳ್ಳುತ್ತಿದ್ದ. ಚೊಚ್ಚಲ ಬಸುರಿಯಾಗಿದ್ದ ಸೊಸೆ ಮುಂದೆ ಹೆರಿಗೆಗೆಂದು ಕುಷ್ಟಗಿಯ ತವರಿಗೆ ಹೋಗುವವಳಿದ್ದಳು. ನಾವು ಬಂದ ಮೊದಲ ವಾರ ಒಡತಿ ನನ್ನನ್ನು ನೋಡಿ ಕೇಳಿದರು.

"ಯಾಕ್ರಿ ಸರ್ರ, ಡ್ಯೂಟಿಗೆ ಹೋಗಂಗಿಲ್ಲೇನು? ಆರಾಮಿಲ್ಲೇನು?"

ಆಗ ನಾನು ಒಂದು ಕೈಯಲ್ಲಿ ಪೊರಕೆ, ಇನ್ನೊಂದು ಕೈಯಲ್ಲಿ ಮಗಳ ಶಾಲೆಯ ಷೂ ಹಿಡಿದು ನಿಂತಿದ್ದೆ. "ಎಲ್ಲಿಯ ಆರಾಮ ಬಿಡಿ ಅಮ್ಮ. ಬೆಳಗ್ಗೆಯಿಂದ ಸ್ವಲ್ಪವೂ ಆರಾಮಿಲ್ಲ" ಎಂದೆ.

ಅವರ ಮುಖ ಸಣ್ಣದಾಯಿತು. "ಹೌದೇನ್ರಿ? ಪಾಪ" ಎಂದು ಒಳಗೆ ಹೋದರು.

ಅಂದಿನಿಂದ ಓಣಿಯ ಜನ ನನ್ನೊಂದಿಗೆ ಮಾತಾಡುವ ದನಿಯೇ ಬದಲಾಯಿತು. ನಳದಲ್ಲಿ ನೀರು ಬಂದ ದಿನ ನಾನು ಕೊಡ ಎತ್ತಲು ಹೋದರೆ ಪಕ್ಕದ ಮನೆಯ ಹುಡುಗಿ ಓಡಿ ಬಂದು ಇಸಿದುಕೊಳ್ಳುತ್ತಿದ್ದಳು. ಒಡತಿಯ ಮಗ ಸಂಜೆ ಅಂಗಡಿಯಿಂದ ಬಂದವನು "ಬಿಸಿಲಾಗ ಭಾಳ ತಿರಗಬ್ಯಾಡ್ರಿ ಸರ್" ಎನ್ನುತ್ತಿದ್ದ. ಒಂದು ದಿನ ಒಡತಿಯೇ ಒಂದು ಬಟ್ಟಲು ಗಂಜಿ ತಂದು ಕೊಟ್ಟರು. "ಹೊಟ್ಟಿಗೆ ತಂಪು, ಕುಡೀರಿ" ಎಂದರು. ಈ ಊರಿನವರದು ಎಂಥ ಒಳ್ಳೆಯ ಮನಸ್ಸು ಎಂದು ನಾನು ಹೆಂಡತಿಗೆ ವರದಿ ಕೊಟ್ಟೆ. ಅವಳು ಹಿಟ್ನಾಳದಿಂದ ಬಸ್ಸಿನಲ್ಲಿ ನಿಂತು ಬಂದು ಸುಸ್ತಾಗಿದ್ದಳು. ಗಂಜಿಯ ಬಟ್ಟಲನ್ನೂ ನನ್ನನ್ನೂ ನೋಡಿ, "ನಿಮಗೆ ಇಲ್ಲಿ ಬೇಜಾರಾಗ್ತಾ ಇದೆಯಾ? ನನಗೋಸ್ಕರ ಬಂದು ತಪ್ಪು ಮಾಡಿದೆ ಅನ್ನಿಸುತ್ತಾ?" ಎಂದಳು.

ಇಲ್ಲ ಎಂದೆ. ಬೇಜಾರಿರಲಿಲ್ಲವೆಂದಲ್ಲ. ಮಧ್ಯಾಹ್ನದ ಹೊತ್ತು ಕಲ್ಲುಗುಡ್ಡಗಳ ಮೇಲಿಂದ ಬಿಸಿಗಾಳಿ ಬೀಸುವಾಗ, ಪಾತ್ರೆ ತೊಳೆದು ಮುಗಿದಿರುವಾಗ, ಮಾತಾಡಲು ಒಬ್ಬರೂ ಇಲ್ಲದ ಆ ಗಂಟೆಗಳು ಭಾರವಾಗುತ್ತಿದ್ದವು. ಮುದ್ರಣಾಲಯದಲ್ಲಿ ದಿನವಿಡೀ ಜನ ಬಂದು ಹೋಗುತ್ತಿದ್ದರು. ಮಗಳ ಹೆಸರಿನ ಕಾಗುಣಿತದ ಬಗ್ಗೆ ಜಗಳವಾಡುವ ಅಪ್ಪಂದಿರಿದ್ದರು. ಇಲ್ಲಿ ನಾನು ಯಾರಿಗೂ ಬೇಕಾದವನಲ್ಲ ಅನಿಸುತ್ತಿತ್ತು. ಅದನ್ನು ಅವಳಿಗೆ ಹೇಳಿದರೆ ಅವಳ ಸಂತೋಷವೂ ಹಾಳಾಗುತ್ತದೆಂದು ಸುಮ್ಮನಿದ್ದೆ.

ದೀಪಾವಳಿ ಕಳೆದು ಚಳಿ ಶುರುವಾದ ಮೇಲೆ ಒಂದು ಬೆಳಿಗ್ಗೆ ಅಂಗಳದಲ್ಲಿ ದೊಪ್ಪನೆ ಸದ್ದಾಯಿತು. ಓಡಿ ಬಂದು ನೋಡಿದರೆ ಒಡತಿ ನೀರಿನ ತೊಟ್ಟಿಯ ಪಕ್ಕ ಜಾರಿ ಬಿದ್ದಿದ್ದಾರೆ. ಬಲಗೈ ಮೈಯಡಿ ಸಿಕ್ಕಿಕೊಂಡಿದೆ. ಸೊಸೆ ಆಗಲೇ ತವರಿಗೆ ಹೋಗಿದ್ದಳು, ಮಗ ಅಂಗಡಿಯಲ್ಲಿದ್ದ. ನಾನು ಎತ್ತಲು ಬಗ್ಗಿದೆ. ಆ ನೋವಿನಲ್ಲೂ ಅವರು ಎಡಗೈ ಅಡ್ಡ ಹಿಡಿದರು.

"ನೀವು ಎತ್ತಬ್ಯಾಡ್ರಿ ಸರ್ರ! ಮೊದ್ಲ ನಿಮಗ ಆರಾಮಿಲ್ಲ. ಯಾರನ್ನರ ಕರೀರಿ."

"ನನಗೇನಾಗಿದೆ ಅಮ್ಮ?" ಎನ್ನುತ್ತಲೇ ಅವರನ್ನು ಎತ್ತಿ ಕೂರಿಸಿ, ಆಟೋ ಕರೆದು ಆಸ್ಪತ್ರೆಗೆ ಹೊರಟೆ. ದಾರಿಯಲ್ಲಿ ಅವರು ತಮ್ಮ ಕೈ ಮರೆತು ನನ್ನ ಮುಖವನ್ನೇ ನೋಡುತ್ತಿದ್ದರು.

"ಎದಿ ಗಿದಿ ನೋಯಾಕತ್ತಿಲ್ಲಲ್ರಿ?"

"ಇಲ್ಲ ಅಮ್ಮ. ನಾನು ಗಟ್ಟಿಯಾಗಿದ್ದೀನಿ."

"ಮತ್ತ ನೀವ ಹೇಳಿದ್ರೆಲ್ಲ, ಒಟ್ಟ ಆರಾಮಿಲ್ಲ ಅಂತ?"

"ಅಯ್ಯೋ, ಅದು ಪುರುಸೊತ್ತಿಲ್ಲ ಅಂತ ಹೇಳಿದ್ದು! ಬರೀ ಕೆಲಸ ಅಂತ."

ನಮ್ಮ ಕಡೆ ಆರಾಮ ಎಂದರೆ ಬಿಡುವು. ಅವರ ಕಡೆ ಆರಾಮಿಲ್ಲ ಎಂದರೆ ಕಾಯಿಲೆ. ಕೆಲಸ ಬಿಟ್ಟು ಮನೆ ಹಿಡಿದು ಕೂತ ರೋಗಿ ಎಂದು ಇಡೀ ಓಣಿ ಇಷ್ಟು ದಿನ ನನ್ನ ಮೇಲೆ ಕನಿಕರಪಟ್ಟಿತ್ತು. ಆಟೋದವನು ಮೊದಲು ನಕ್ಕ. ಆಮೇಲೆ ಒಡತಿ ಕೈ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕರು. "ನಗಸಬ್ಯಾಡೋ ತಮ್ಮಾ, ಕೈ ಜಗ್ಗತೈತಿ" ಎಂದರು. ಸರ್ರ ಹೋಗಿ ತಮ್ಮಾ ಬಂದದ್ದು ಅವರಿಗೆ ಗೊತ್ತಾಗಲಿಲ್ಲ. ನನಗೆ ಗೊತ್ತಾಯಿತು.

ಮಣಿಕಟ್ಟಿನ ಮೂಳೆ ಮುರಿದಿತ್ತು. ಪ್ಲಾಸ್ಟರ್ ಹಾಕಿ ಕಳಿಸಿದರು. ಅಂದಿನಿಂದ ಆ ಮನೆಯ ಅನ್ನ ಸಾರು ನಮ್ಮ ಒಲೆಯ ಮೇಲೆಯೇ ಆಗತೊಡಗಿತು. ನನ್ನ ಸಾರು ಅವರಿಗೆ ಸಿಹಿಯೆನಿಸುತ್ತಿತ್ತು, ಆದರೂ ಎದುರು ಮಾತಾಡದೆ ಊಟಕ್ಕೆ ಖಾರದ ಚಟ್ನಿ ಹಾಕಿಕೊಂಡು ಕೂರುತ್ತಿದ್ದರು.

ಒಂದು ಮಧ್ಯಾಹ್ನ ಕುಷ್ಟಗಿಯಿಂದ ಸೊಸೆಯ ಫೋನು ಬಂತು. ಏನು ತಿಂದರೂ ರುಚಿ ಹತ್ತುತ್ತಿಲ್ಲ, ಅತ್ತೆ ಬಡಿಯುವ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ನೆನಪಾಗುತ್ತಿದೆ ಎಂದಳಂತೆ. ಅತ್ತೆಯ ಕೈ ಮುರಿದದ್ದನ್ನು ಬಸುರಿಗೆ ಯಾಕೆ ಹೇಳಬೇಕೆಂದು ಮನೆಯವರು ಸುಮ್ಮನಿದ್ದರು. ಹೇಗೂ ಬೀಗರ ಮನೆಗೆ ಬುತ್ತಿ ಕಟ್ಟಿಕೊಂಡು ಹೋಗುವುದಿತ್ತು. ಸಂಜೆ ಮಗ ಹೇಳಿದ, "ಯವ್ವಾ, ಅಂಗಡ್ಯಾಗ ಛಲೋ ಕಡಕ್ ರೊಟ್ಟಿ ಸಿಗ್ತಾವು. ತಂದುಬಿಡ್ತೀನಿ."

"ಅಕಿ ನನ್ನ ರೊಟ್ಟಿ ಬೇಡ್ಯಾಳ. ಅಂಗಡಿ ರೊಟ್ಟಿ ಒಯ್ದು ಹೆಂಗ ಮುಂದ ಇಡ್ಲಿ?" ಎಂದು ಒಡತಿ ಮುಖ ಆ ಕಡೆ ತಿರುಗಿಸಿದರು.

"ನೀವು ಹೇಳಿಕೊಡಿ ಅಮ್ಮ. ನಾನು ಮಾಡ್ತೀನಿ" ಎಂದೆ. ಯಾಕೆ ಹಾಗೆ ಅಂದೆನೋ ಗೊತ್ತಿಲ್ಲ. ರಾಗಿಮುದ್ದೆ ತಿರುವಿದ ಕೈ ನನ್ನದು, ರೊಟ್ಟಿಯನ್ನು ಎಂದೂ ಬಡಿದವನಲ್ಲ. ಮಗ ನಕ್ಕ. ಒಡತಿ ನಗಲಿಲ್ಲ. ನನ್ನ ಎರಡೂ ಅಂಗೈ ತಿರುವಿ ನೋಡಿ, "ನಾಳಿ ಉಂಡು ಬಾ" ಎಂದರು.

ಮರುದಿನದಿಂದ ಅವರ ಅಡುಗೆಮನೆಯಲ್ಲಿ ನನ್ನ ಪಾಠ ಶುರುವಾಯಿತು. ಅವರು ಮಣೆಯ ಮೇಲೆ, ನಾನು ಕಲ್ಲಿನ ಮುಂದೆ. ಹಿಟ್ಟಿಗೆ ಕುದಿವ ನೀರು ಹೊಯ್ದು ನಾದಬೇಕು. ನಾನು ನಾದಿದ್ದು ಅವರಿಗೆ ಸಾಲುತ್ತಿರಲಿಲ್ಲ. "ಇನ್ನಾ ನಾದು. ಜಿಗಿ ಬರ್ಲಿ. ನಿನಗ ಸಿಟ್ಟ ಬರಂಗಿಲ್ಲೇನು? ಸಿಟ್ಟಿಲೆ ನಾದು." ಬಡಿಯುವಾಗ ಅಂಚು ಒಡೆಯುತ್ತಿತ್ತು. ಹಂಚಿಗೆ ಹಾಕುವಾಗ ನಡುವೆ ಹರಿಯುತ್ತಿತ್ತು. ಶಾಲೆಯಿಂದ ಬಂದ ಮಗಳು ಮೊದಲ ದಿನದ ರೊಟ್ಟಿಯನ್ನು ಎತ್ತಿ ಹಿಡಿದು, "ಅಪ್ಪಾ, ಇದಕ್ಕೆ ಮೂಗಿದೆ" ಎಂದಳು. ಒಡತಿ ಆ ಮೂಗನ್ನೇ ಮುರಿದು ಬಾಯಿಗೆ ಹಾಕಿಕೊಂಡು, "ರುಚಿ ಐತಿ. ಮಾರಿ ಒಂದು ತಿದ್ದಬೇಕು" ಎಂದರು.

ಮಧ್ಯಾಹ್ನಗಳು ಹೇಗೆ ಕಳೆದವೋ ತಿಳಿಯಲಿಲ್ಲ. ಒಲೆಯ ಮುಂದೆ ಅವರು ತಮ್ಮ ತವರು ಬೇವೂರಿನ ಸುದ್ದಿ ಹೇಳುತ್ತಿದ್ದರು. ಮದುವೆಯಾಗಿ ಕೊಪ್ಪಳಕ್ಕೆ ಬಂದ ಹೊಸದರಲ್ಲಿ ತಮಗೂ ಇಲ್ಲಿ ಮಾತಿಗೆ ಯಾರೂ ಇರಲಿಲ್ಲವಂತೆ. ಅತ್ತೆ ಮಾತು ಕಡಿಮೆ, ಗಂಡ ದಿನವಿಡೀ ಗಂಜ್‌ನಲ್ಲಿ. "ನಾ ಆ ತೊಟ್ಟಿ ಕೂಡ ಮಾತಾಡ್ತಿದ್ದೆ, ಖರೇನ" ಎಂದರು. ನಾನು ಮುದ್ರಣಾಲಯದ ಬಾಗಿಲು ಹಾಕಿದ ದಿನದ ಬಗ್ಗೆ ಹೇಳಿದೆ. ಹೆಂಡತಿಗೂ ಅಷ್ಟು ಬಿಡಿಸಿ ಹೇಳಿರಲಿಲ್ಲ. ಅವರು ಸಮಾಧಾನದ ಮಾತೇನೂ ಆಡಲಿಲ್ಲ. "ಉರಿ ಸಣ್ಣ ಮಾಡು" ಎಂದರು. ನಾನು ಉರಿ ಸಣ್ಣ ಮಾಡಿದೆ. ಅಷ್ಟರಲ್ಲೇ ಮನಸ್ಸು ಹಗುರಾಗಿತ್ತು.

ಕೆಲವು ದಿನಗಳಲ್ಲಿ ರೊಟ್ಟಿ ದುಂಡಗಾದವು. ಮೇಲೆ ಎಳ್ಳು ಉದುರಿಸಿ, ಒದ್ದೆ ಬಟ್ಟೆಯಿಂದ ನೀರು ಸವರಿ, ಬೇಯಿಸಿ, ಕಡಕ್ಕಾಗಲು ಒಣಗಿಸಿದೆವು. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕುಟ್ಟಿದೆ. ಬಿಳಿ ಬಟ್ಟೆಯಲ್ಲಿ ಬುತ್ತಿ ಕಟ್ಟಿ, ಒಂದು ಭಾನುವಾರ ಒಡತಿ, ಅವರ ಮಗ, ನಾನು ಕುಷ್ಟಗಿಯ ಬಸ್ಸು ಹತ್ತಿದೆವು. ನಾನು ಬರುವುದಿಲ್ಲ ಎಂದಿದ್ದೆ. "ಬುತ್ತಿ ಹೊರಾವ್ರು ಯಾರು ಮತ್ತ?" ಎಂದು ಒಡತಿ ಹೊರಡಿಸಿದರು.

ಬೀಗರ ಮನೆಯಲ್ಲಿ ಮೊದಲು ಗದ್ದಲವೆದ್ದದ್ದು ಪ್ಲಾಸ್ಟರ್ ನೋಡಿ. ಸೊಸೆ ಅತ್ತು, ಹೇಳಲಿಲ್ಲವೆಂದು ಗಂಡನನ್ನು ಬೈದು ಸುಮ್ಮನಾದ ಮೇಲೆ ಬುತ್ತಿ ಬಿಚ್ಚಿದರು. ಅವಳು ಒಂದು ರೊಟ್ಟಿ ಮುರಿದು ಚಟ್ನಿ ಹಚ್ಚಿ ತಿಂದಳು. ಇನ್ನೊಂದು ತುಂಡು ತಿಂದಳು. ಆಮೇಲೆ ರೊಟ್ಟಿಯ ಹಿಂದು ಮುಂದು ತಿರುವಿ ನೋಡಿದಳು.

"ಅತ್ತಿ, ರುಚಿ ನಿಮ್ದ ಐತಿ. ಆದ್ರ ಬೆರಳಿನ ಗುರುತು ನಿಮ್ದಲ್ಲ. ಇಷ್ಟು ದಪ್ಪನ ಬೆರಳು ಯಾರ್ದು?"

ಒಡತಿ ಪಡಸಾಲೆಯಲ್ಲಿ ಕೂತಿದ್ದ ನನ್ನತ್ತ ಗದ್ದ ಎತ್ತಿ ತೋರಿಸಿದರು. "ಕೈ ಅವನ್ದು, ಬಾಯಿ ನಂದು. ಬೈದು ಬೈದು ಬಡಿಸೀನಿ."

ಒಳಗಿನಿಂದ ಹೆಂಗಸರ ನಗು ಎದ್ದಿತು. ಹೊರಗೆ ಗಂಡಸರು ಮಾತ್ರ ನನ್ನನ್ನು ನೋಡುತ್ತ ಕೂತರು. ಸೊಸೆಯ ತಂದೆ ಎಲೆ ಅಡಿಕೆ ಬಾಯಿಗೆ ಹಾಕಿಕೊಳ್ಳುವುದನ್ನು ಅರ್ಧಕ್ಕೆ ನಿಲ್ಲಿಸಿ ಕೇಳಿದರು, "ನಿಮ್ದು ಕೆಲಸ ಏನ್ರಿ?"

"ಹೆಂಡತಿ ಕಾಲೇಜಿನಲ್ಲಿ ಪಾಠ ಮಾಡ್ತಾಳೆ. ನಾನು ಮನೆ ನೋಡ್ಕೋತೀನಿ. ಅಡುಗೆ, ಮಗಳು, ಎಲ್ಲ" ಎಂದೆ. ಅಷ್ಟು ಬಿಡುಬೀಸಾಗಿ ಅದನ್ನು ಹೇಳಿದ್ದು ಅದೇ ಮೊದಲು. ಹೇಳಿದ ಮೇಲೆ ಏನೂ ಆಗಲಿಲ್ಲ.

ಅವರು ಅರ್ಧಕ್ಕೆ ನಿಂತಿದ್ದ ಎಲೆ ಅಡಿಕೆಯನ್ನು ಬಾಯಿಗೆ ಹಾಕಿಕೊಂಡರು. "ನಮ್ಮ ಮನ್ಯಾಗ ನಾ ಒಂದ್ ತಂಬಿಗಿ ನೀರು ಸೈತ ತಗೊಂಡು ಕುಡಿಯಂಗಿಲ್ರಿ" ಎಂದರು.

"ಅದನ್ನ ಇನ್ನಾ ಜೋರಾಗಿ ಹೇಳ್ರಿ, ಎಲ್ಲಾರೂ ಕೇಳ್ಲಿ" ಎಂದು ಅವರ ಹೆಂಡತಿ ಒಳಗಿನಿಂದಲೇ ಕೂಗಿದರು. ಈ ಸಲ ಗಂಡಸರೂ ನಕ್ಕರು. ಊಟಕ್ಕೆ ಕೂತಾಗ ಆ ಹಿರಿಯರೇ ನನ್ನ ರೊಟ್ಟಿಯನ್ನು ಕೇಳಿ ಹಾಕಿಸಿಕೊಂಡರು.

ಮನೆಗೆ ಬಂದು ಎಲ್ಲವನ್ನೂ ಹೆಂಡತಿಗೆ ಹೇಳಿದೆ. ಅವಳು ಉತ್ತರ ಪತ್ರಿಕೆ ತಿದ್ದುತ್ತಿದ್ದವಳು ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿದಳು. "ಈ ಊರಿಗೆ ನನಗಿಂತ ಮೊದಲು ನೀವೇ ಸೇರಿಬಿಟ್ರಿ" ಎಂದಳು. ಅವಳ ದನಿಯಲ್ಲಿ ನೆಮ್ಮದಿಯಿತ್ತು, ಚೂರು ಹೊಟ್ಟೆಕಿಚ್ಚೂ ಇತ್ತು. ಅವಳಿಗೆ ಇನ್ನೂ ಕಾಲೇಜಿನ ಹುಡುಗಿಯರು ಪಿಸುಗುಡುವುದು ಅರ್ಧ ತಿಳಿಯುತ್ತಿರಲಿಲ್ಲ.

ಒಡತಿಯ ಕೈ ಕೂಡಿಕೊಂಡಿತು, ಆದರೆ ಮೊದಲಿನ ಬಲ ಬರಲಿಲ್ಲ. ಬೇಸಿಗೆಗೆ ಮುಂಚೆ ಸೊಸೆ ಹೆಣ್ಣುಮಗು ಹೆತ್ತಳು. ಕೂಸಿಗೆ ಕುತ್ತಿಗೆ ನಿಂತ ಮೇಲೆ ಕೊಪ್ಪಳಕ್ಕೆ ಕರೆತಂದರು. ಅತ್ತೆ ಸೊಸೆ ಇಬ್ಬರೂ ಸಂತೆಗೆ ಹೋಗುವ ದಿನ ತೊಟ್ಟಿಲನ್ನು ನಮ್ಮ ಪಡಸಾಲೆಗೆ ತಂದಿಡುತ್ತಾರೆ. ಮೊನ್ನೆ ಅಂಥ ಒಂದು ದಿನ ಕೂಸನ್ನು ಹೆಗಲಿಗೆ ಹಾಕಿಕೊಂಡು ತಟ್ಟುತ್ತಿದ್ದೆ. ಗ್ಯಾಸ್ ಸಿಲಿಂಡರ್ ತಂದ ಹೊಸಬನೊಬ್ಬ ಬಾಗಿಲಲ್ಲಿ ನಿಂತು ನನ್ನನ್ನು ದಾಟಿ ಒಳಗೆ ಇಣುಕುತ್ತ ಕೇಳಿದ.

"ಮನ್ಯಾಗ ಯಾರೂ ಇಲ್ಲೇನ್ರಿ?"

"ನಾವಿಬ್ಬರಿದ್ದೀವಿ ನೋಡಪ್ಪ, ಒಳಗಿಡು" ಎಂದೆ.